ಕಂಡದ್ದನ್ನು ಹೇಳಲಿಕ್ಕೆ ಕಲಿಸಿರಿ

(ಮಸ್ಕಿಯಲ್ಲಿ ಕೂಡಿದ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಸದ್ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಇಂದಿನ ಸಭೆಗೆ ತಾಯಂದಿರು ಹೆಚ್ಚಿನ ಸಂಖ್ಯೆಯಲ್ಲಿ ಬಂದಿದ್ದೀರಿ. ಹೊಲದ ಕೆಲಸ, ಮನೆಯ ಕೆಲಸ ಎರಡನ್ನೂ ಮುಗಿಸಿಕೊಂಡು, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಬಂದಿದ್ದೀರಿ. ಆದ್ದರಿಂದ ದೊಡ್ಡ ಶಾಸ್ತ್ರದ ಮಾತನ್ನು ಇಂದಿಗೆ ಬದಿಗಿಟ್ಟು, ನಿಮ್ಮ ಮಡಿಲಲ್ಲಿರುವ ಮಕ್ಕಳ ವಿಷಯವಾಗಿಯೇ ನಾಲ್ಕು ಮಾತು ಹೇಳಬೇಕೆಂದು ನಮಗೆ ಅನಿಸಿದೆ. ಮಗು ಮಾತನ್ನು ಕಲಿಯುವುದು ಹೇಗೆ? ಕಲಿತ ಮಾತನ್ನು ಬೆಳೆಸುವುದು ಹೇಗೆ? ಇಷ್ಟೇ ಇಂದಿನ ವಿಷಯ. ಕೇಳಲಿಕ್ಕೆ ಇದು ಸಣ್ಣದು. ಆದರೆ ಮನುಷ್ಯನ ಬಾಳೆಲ್ಲ ಈ ಸಣ್ಣ ವಿಷಯದ ಮೇಲೆಯೇ ನಿಂತಿದೆ ಎಂದರೆ ಅದು ಹೆಚ್ಚಿನ ಮಾತಲ್ಲ.

ಮಠಕ್ಕೆ ಬರುವ ತಾಯಂದಿರು ಕೇಳುವ ಒಂದು ಪ್ರಶ್ನೆ ಉಂಟು. “ಅಜ್ಜಾರ, ನನ್ನ ಮಗ ಮೂರನೇತ್ತಾಗ ಅದಾನ. ದಿನಾ ಸಾಲಿಗಿ ಹೋಗ್ತಾನ, ಆದರ ಓದಾಕ ಬರಂಗಿಲ್ಲ. ನನಗರ ಅಕ್ಷರ ಗೊತ್ತಿಲ್ಲ. ನಾ ಅವಗ ಏನು ಕಲಿಸಲಿ?” ಈ ಪ್ರಶ್ನೆಯಲ್ಲಿ ಎರಡು ನೋವು ಇವೆ. ಮಗನಿಗೆ ಓದು ಬರಲಿಲ್ಲವೆಂಬುದು ಒಂದು. ತನ್ನ ಕೈಯಿಂದ ಏನೂ ಆಗುವುದಿಲ್ಲವೆಂಬುದು ಇನ್ನೊಂದು. ಮೊದಲನೆಯ ನೋವಿಗಿಂತ ಎರಡನೆಯದೇ ದೊಡ್ಡದು. ಯಾಕೆಂದರೆ, ತನ್ನ ಕೈಯಿಂದ ಆಗುವುದಿಲ್ಲ ಎಂದು ತಿಳಿದವಳು ಮುಂದೆ ಮಗನ ಸಂಗಡ ಮಾತಾಡುವುದನ್ನೂ ಕಡಿಮೆ ಮಾಡುತ್ತಾಳೆ.

ಇದು ಒಬ್ಬರ ಮನೆಯ ಮಾತಲ್ಲ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ಬಲ್ಲವರು ನೂರಕ್ಕೆ 75 ಜನ ಇದ್ದರೆ, ರಾಯಚೂರು ಜಿಲ್ಲೆಯಲ್ಲಿ 60 ಜನ ಕೂಡ ಇರಲಿಲ್ಲ. ಹೆಣ್ಣುಮಕ್ಕಳಲ್ಲಂತೂ ನೂರಕ್ಕೆ 50ರ ಸಂಖ್ಯೆಯನ್ನೂ ಮುಟ್ಟಿರಲಿಲ್ಲ. ಹಾಗಾದರೆ ಆ ಅರ್ಧದಷ್ಟು ತಾಯಂದಿರು ಮಕ್ಕಳಿಗೆ ಏನನ್ನೂ ಕಲಿಸಲಾರರೇ? ಕಲಿಸಬಲ್ಲರು. ಶಾಲೆ ಕಲಿಸುವುದಕ್ಕಿಂತ ಮೊದಲು ಕಲಿಸಬೇಕಾದದ್ದನ್ನು ಅವರೇ ಕಲಿಸಬೇಕು. ಇಂದು ನಾವು ಹೇಳಬೇಕಾದ ಮಾತು ಇದೊಂದೇ. ಉಳಿದದ್ದೆಲ್ಲ ಇದರ ವಿವರಣೆ.

ನೋಡಿರಿ, ಓದು ಎಂದರೇನು? ಹಲಗೆಯ ಮೇಲೆ ಗುರುಗಳು “ಹಗ್ಗ” ಎಂದು ಬರೆಯುತ್ತಾರೆ. ಮಗು ಆ ಅಕ್ಷರಗಳನ್ನು ಕೂಡಿಸಿ ಹೇಳುತ್ತದೆ. ಹಗ್ಗವನ್ನು ಕಂಡ ಮಗು, ಅದನ್ನು ಹಿಡಿದು ಎಳೆದ ಮಗು, ಆ ಶಬ್ದ ಬಾಯಿಗೆ ಬಂದ ಕೂಡಲೇ ನಗುತ್ತದೆ. “ಓಹೋ, ಇದು ನಮ್ಮ ಮನೆಯ ಹಗ್ಗ” ಎಂದು ಅದಕ್ಕೆ ಗೊತ್ತಾಗುತ್ತದೆ. ಶಬ್ದವೇ ಗೊತ್ತಿಲ್ಲದ ಮಗುವಿಗೆ ಅಕ್ಷರ ಬರೀ ಗೆರೆ. ಅದು ಬಾಯಿಪಾಠ ಮಾಡೀತು, ಓದಲಾರದು. ಗೋಡೆ ಇಲ್ಲದೆ ಸುಣ್ಣ ಎಲ್ಲಿಗೆ ಬಳಿಯಬೇಕು? ಮಾತು ಗೋಡೆ, ಅಕ್ಷರ ಸುಣ್ಣ. ಗೋಡೆಯನ್ನು ಕಟ್ಟುವುದು ಮನೆಯಲ್ಲಿ. ಅದನ್ನು ಕಟ್ಟಲಿಕ್ಕೆ ಅಕ್ಷರ ಬೇಕಿಲ್ಲ. ಕಣ್ಣು ಬೇಕು, ಕಿವಿ ಬೇಕು, ಬಾಯಿ ಬೇಕು, ಸ್ವಲ್ಪ ತಾಳ್ಮೆ ಬೇಕು.

ಹಗ್ಗದ ಮಾತು ಬಂದಿತು. ಒಕ್ಕಲುತನದ ಮನೆಯಲ್ಲಿ ಹಗ್ಗಕ್ಕೆ ಎಷ್ಟು ಹೆಸರು! ಕಣ್ಣಿ ಬೇರೆ, ಮಿಣಿ ಬೇರೆ, ದಾವಣಿ ಬೇರೆ, ಮೂಗುದಾರ ಬೇರೆ. ಉಪಯೋಗ ಬೇರೆಯಾದಂತೆ ಹೆಸರೂ ಬೇರೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿತು, ಬರಲಿ. ಆದರೆ ಎತ್ತಿನ ಸಂಗಡ ಈ ಶಬ್ದಗಳೂ ಮನೆ ಬಿಟ್ಟು ಹೋದವು. ಮುದುಕರ ಬಾಯಲ್ಲಿ ಇನ್ನೂ ಉಳಿದಿವೆ. ಮಕ್ಕಳ ಕಿವಿಗೆ ಬೀಳಲಿಲ್ಲವೆಂದರೆ ಅವು ಅವರೊಂದಿಗೇ ಮಣ್ಣಾಗುತ್ತವೆ.

ಈ ನಾಡಿಗೆ ಮಾತನ್ನು ಮನೆಯಲ್ಲಿ ಉಳಿಸಿಕೊಂಡು ಬಂದ ಅನುಭವ ಹೊಸದಲ್ಲ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಗಳ ಭಾಷೆಯೂ ಉರ್ದು. 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯದಲ್ಲಿ ಕೂಡಿಕೊಂಡೆವು. ಅಲ್ಲಿಯವರೆಗೆ ಕನ್ನಡವನ್ನು ಕಾಯ್ದವರು ಯಾರು? ಪುಸ್ತಕ ಕಡಿಮೆ, ಕನ್ನಡ ಶಾಲೆ ಅಪರೂಪ. ಬೀಸುಕಲ್ಲಿನ ಮುಂದೆ ಕುಳಿತ ತಾಯಿ ಕಾಯ್ದಳು. ಕಣದಲ್ಲಿ ರಾಶಿ ಮಾಡುವ ತಂದೆ ಕಾಯ್ದನು. ಅಂಗಳದಲ್ಲಿ ಮೊಮ್ಮಗನಿಗೆ ಕಥೆ ಹೇಳಿದ ಅಜ್ಜಿ ಕಾಯ್ದಳು. ಅವರಲ್ಲಿ ಬಹಳ ಜನಕ್ಕೆ ಅಕ್ಷರ ಬರುತ್ತಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಇಂದು ಈ ಮೂರು ತಾಲೂಕುಗಳಲ್ಲಿ ಮಗುವಿನ ಸಮಸ್ಯೆ ಇನ್ನೊಂದು ರೀತಿಯದು. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರು ಭಾಗ ನೆಲ್ಲಿನ ನಾಡಾಯಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳಾದವು. ಅಲ್ಲಿಯ ಮಗುವಿನ ಮನೆಮಾತು ತೆಲುಗು. ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದವರ ಕ್ಯಾಂಪುಗಳಿವೆ. ಅಲ್ಲಿಯ ಮಗುವಿನ ಮನೆಮಾತು ಬಂಗಾಳಿ. ಲಿಂಗಸುಗೂರು, ಮಸ್ಕಿ ಭಾಗದಲ್ಲಿ ತಾಂಡಾಗಳಿವೆ. ಅಲ್ಲಿ ಲಂಬಾಣಿ ಮಾತು. ಉರ್ದು ಮಾತಾಡುವ ಮನೆಗಳು ಊರೂರಿಗೂ ಇವೆ. ಇನ್ನು ಕನ್ನಡದ ಮನೆಯ ಮಗುವಾದರೂ “ಹೋಗಂಗಿಲ್ಲ, ಬರಾಕತ್ತಾನ” ಎಂದು ಮಾತಾಡುತ್ತದೆ. ಪುಸ್ತಕದಲ್ಲಿ “ಹೋಗುವುದಿಲ್ಲ, ಬರುತ್ತಿದ್ದಾನೆ” ಎಂದಿರುತ್ತದೆ. ಇಷ್ಟು ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂಡುತ್ತಾರೆ. ತನ್ನ ಮಾತಿಗೆ ಅಲ್ಲಿ ಬೆಲೆ ಇಲ್ಲವೆಂದು ಮಗುವಿಗೆ ಅನಿಸಿದರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿದ ಮಗುವನ್ನು ನಾವು “ದಡ್ಡ” ಎನ್ನುತ್ತೇವೆ. ಅದು ದಡ್ಡತನವಲ್ಲ, ಅಂಜಿಕೆ.

ಹಾಗಾದರೆ ಮಗುವಿನ ಬಾಯಿ ಬಿಡಿಸುವ ದಾರಿ ಯಾವುದು? ಕಣ್ಣು ಬಿಡಿಸುವುದೇ ಬಾಯಿ ಬಿಡಿಸುವ ದಾರಿ. ಕಂಡದ್ದು ಇದ್ದರೆ ಹೇಳುವುದು ಇರುತ್ತದೆ. ಏನನ್ನೂ ಕಾಣದವನು ಏನನ್ನು ಹೇಳಬೇಕು?

ನಾವು ಕುಳಿತಿರುವ ಈ ಮಸ್ಕಿಯ ಸಂಗತಿಯನ್ನೇ ನೋಡಿರಿ. ಇಲ್ಲಿಯ ಬೆಟ್ಟದಲ್ಲಿ ಸಾಮ್ರಾಟ್ ಅಶೋಕನ ಶಾಸನವಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಆ ಬಂಡೆ ಅಲ್ಲಿಯೇ ಇದೆ. ಕುರಿ ಕಾಯುವವರು ಅದರ ನೆರಳಲ್ಲಿ ಕುಳಿತಿದ್ದಾರು, ಮಕ್ಕಳು ಅದರ ಮೇಲೆ ಜಾರಿದ್ದಾರು. ಆದರೆ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅದರ ಮೇಲಿನ ಗೆರೆಗಳನ್ನು ಕಂಡನು. ಕಂಡದ್ದನ್ನು ತಿಳಿದವರಿಗೆ ಹೇಳಿದನು. ಅದನ್ನು ಓದಿದಾಗ ಒಂದು ದೊಡ್ಡ ಸಂಗತಿ ಹೊರಬಿದ್ದಿತು. ಬೇರೆ ಶಾಸನಗಳಲ್ಲಿ “ದೇವರಿಗೆ ಪ್ರಿಯನಾದವನು” ಎಂಬ ಬಿರುದಷ್ಟೇ ಕಾಣುತ್ತಿತ್ತು. ಇಲ್ಲಿ ಅದರೊಡನೆ ಅಶೋಕ ಎಂಬ ಹೆಸರೂ ಇತ್ತು. ಆ ಬಿರುದಿನ ಅರಸ ಅಶೋಕನೇ ಎಂಬುದು ಅದರಿಂದ ಗಟ್ಟಿಯಾಯಿತು. ಕಂಡು ಸುಮ್ಮನಿದ್ದರೆ ಆಗುತ್ತಿತ್ತೇ? ಕಾಣುವುದು ಅರ್ಧ ಕೆಲಸ, ಹೇಳುವುದು ಇನ್ನರ್ಧ.

ಆ ಶಾಸನದಲ್ಲಿ ಅರಸನು ಹೇಳಿದ ಮಾತಿನ ಭಾವವೂ ನಮಗೆ ಬೇಕಾದದ್ದೇ. ಒಳ್ಳೆಯದನ್ನು ಪಡೆಯುವುದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಧರ್ಮದಲ್ಲಿ ನಿಂತ ಸಣ್ಣವನೂ ಪಡೆಯಬಲ್ಲನು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂಬುದು ಅದರ ಭಾವ. ವಿದ್ಯೆಯ ವಿಷಯದಲ್ಲಿಯೂ ಹೀಗೆಯೇ ತಿಳಿಯಿರಿ.

ಇನ್ನು ನಮ್ಮ ಶರಣರ ಕಡೆಗೆ ಬರೋಣ. ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಿಮಗೆಲ್ಲ ಗೊತ್ತು. ಮಾರಯ್ಯನ ಕಾಯಕ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಆತ ತಂದ ಅಕ್ಕಿ ಎಂದಿನದಕ್ಕಿಂತ ಹೆಚ್ಚಿತ್ತು. ಲಕ್ಕಮ್ಮ ಅದನ್ನು ಕಣ್ಣಿನಿಂದಲೇ ಕಂಡಳು. ಕಂಡು ಸುಮ್ಮನಿರಲಿಲ್ಲ, ಗಂಡನನ್ನು ನೇರವಾಗಿ ಕೇಳಿದಳು, ಹೆಚ್ಚಿನದನ್ನು ತಿರುಗಿ ಹಾಕಿ ಬರಲಿಕ್ಕೆ ಹೇಳಿದಳು. ಈ ಕಥೆಯಲ್ಲಿ ನಾವು ಆಸೆಯ ವಿಚಾರವನ್ನು ಹೇಳುತ್ತೇವೆ, ಅದು ಸರಿ. ಇಂದು ಇನ್ನೊಂದನ್ನು ಗಮನಿಸಿರಿ. ನಿನ್ನೆಯ ಅಕ್ಕಿಗೂ ಇಂದಿನ ಅಕ್ಕಿಗೂ ಇದ್ದ ವ್ಯತ್ಯಾಸವನ್ನು ಕಾಣುವ ಕಣ್ಣು ಆ ತಾಯಿಗೆ ಇತ್ತು, ಕಂಡದ್ದನ್ನು ಅಂಜದೆ ಹೇಳುವ ಮಾತೂ ಇತ್ತು. ದೋಣಿ ನಡೆಸುವ ಚೌಡಯ್ಯ, ನೂಲು ತೆಗೆಯುವ ಕದಿರ ರೆಮ್ಮವ್ವೆ, ಕಟ್ಟಿಗೆ ಹೊರುವ ಮೋಳಿಗೆಯ ಮಾರಯ್ಯ, ಇವರೆಲ್ಲರ ಮಾತು ಹುಟ್ಟಿದ್ದು ಕೈಯಲ್ಲಿ ಹಿಡಿದ ಕೆಲಸದಿಂದ, ಕಣ್ಣೆದುರಿಗಿನ ವಸ್ತುವಿನಿಂದ. ಅದೇ ದಾರಿ ಇಂದಿನ ಕೂಸಿಗೂ ಸಾಕು.

ಈಗ ಆಟಗಳ ಮಾತಿಗೆ ಬರುತ್ತೇವೆ. ಇವಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಮೊದಲನೆಯದು ಗಂಗಾಳದ ಆಟ. ಅಡಿಗೆಮನೆಯ ಐದು ವಸ್ತುಗಳನ್ನು ಒಂದು ಗಂಗಾಳದಲ್ಲಿ ಇಡಿರಿ: ಒಂದು ಒಣ ಮೆಣಸಿನಕಾಯಿ, ಒಂದು ಬೆಳ್ಳುಳ್ಳಿ, ನಾಲ್ಕು ಶೇಂಗಾ, ಒಂದು ಚಮಚ, ಒಂದು ಬಳೆ. ಮಗು ಚೆನ್ನಾಗಿ ನೋಡಲಿ. ನೂರು ಎಣಿಸುವಷ್ಟು ಹೊತ್ತು ಕೊಟ್ಟು ಮೇಲೆ ವಸ್ತ್ರ ಮುಚ್ಚಿರಿ. ಏನೇನು ಇತ್ತು ಎಂದು ಕೇಳಿರಿ. ಎರಡು ದಿನ ಕಳೆದ ಮೇಲೆ ಹೆಸರು ಸಾಲದು. ಬಣ್ಣ ಯಾವುದು, ಯಾವುದರ ಮಗ್ಗುಲಲ್ಲಿ ಯಾವುದು ಇತ್ತು, ಒರಟೋ ನುಣುಪೋ ಎಂದು ಕೇಳಿರಿ. ಆಮೇಲೆ ಗುಟ್ಟಾಗಿ ಒಂದನ್ನು ತೆಗೆದು, “ಯಾವುದು ಹೋತು?” ಎನ್ನಿರಿ. ವಸ್ತುಗಳನ್ನು ಐದರಿಂದ ಹತ್ತಕ್ಕೆ ಏರಿಸಿರಿ. ಇಂಗ್ಲಿಷ್ ಲೇಖಕ ಕಿಪ್ಲಿಂಗ್ 1901ರಲ್ಲಿ ಪ್ರಕಟಿಸಿದ ‘ಕಿಮ್’ ಎಂಬ ಕಾದಂಬರಿಯಲ್ಲಿ ಸಿಮ್ಲಾದ ಅಂಗಡಿಯೊಂದರಲ್ಲಿ ಹುಡುಗನಿಗೆ ಹರಳುಗಳನ್ನಿಟ್ಟು ಈ ಆಟವನ್ನು ಕಲಿಸುತ್ತಾರೆ. ಅದೇ ಮುಂದೆ ಸ್ಕೌಟ್ ಮಕ್ಕಳ ಆಟವಾಗಿ ಜಗತ್ತಿನಲ್ಲೆಲ್ಲ ಹಬ್ಬಿತು. ಅವರು ಹರಳು ಇಟ್ಟರು, ನಾವು ಶೇಂಗಾ ಇಡೋಣ. ಆಟ ಮುಗಿದ ಮೇಲೆ ತಿನ್ನಲಿಕ್ಕಾದರೂ ಬರುತ್ತದೆ.

ಎರಡನೆಯದು ದಾರಿಯ ಆಟ. ಮಗುವನ್ನು ಅಂಗಡಿಗೆ ಕಳುಹಿಸುತ್ತೀರಿ. ತಿರುಗಿ ಬಂದಾಗ ಚಿಲ್ಲರೆ ಎಣಿಸಿಕೊಳ್ಳುವುದಷ್ಟೇ ಅಲ್ಲ, “ದಾರ್‍ಯಾಗ ನಿನ್ನೆ ಇಲ್ಲದ್ದು ಇವತ್ತು ಏನು ಕಂಡಿ?” ಎಂದು ಕೇಳಿರಿ. ಮೊದಲ ದಿನ “ಏನೂ ಇಲ್ಲ” ಎಂದೀತು. ನಾಲ್ಕನೆಯ ದಿನ, “ಯವ್ವಾ, ಗೌಡರ ಮನಿ ಮುಂದ ಉಸುಕು ಹಾಕ್ಯಾರ, ಅದರ ಮ್ಯಾಲ ನಾಯಿ ಮರಿ ಹಾಕೇತಿ” ಎಂದು ಓಡಿ ಬರುತ್ತದೆ. ನಿನ್ನೆ, ಇವತ್ತು, ಮೇಲೆ, ಕೆಳಗೆ, ಯಾಕೆ, ಆದ್ದರಿಂದ — ಈ ಶಬ್ದಗಳೆಲ್ಲ ಇಂಥ ಮಾತಿನಲ್ಲಿ ತಾವಾಗಿಯೇ ಬರುತ್ತವೆ. ವ್ಯಾಕರಣದ ಪುಸ್ತಕದಿಂದ ಇವನ್ನು ಇಷ್ಟು ಸುಲಭವಾಗಿ ಕಲಿಸಲಿಕ್ಕಾಗುವುದಿಲ್ಲ.

ಮೂರನೆಯದು ಎರಡು ಎಲೆಗಳ ಆಟ. ಒಂದು ಕೈಯಲ್ಲಿ ಬೇವಿನ ಎಲೆ, ಒಂದು ಕೈಯಲ್ಲಿ ಹುಣಸೆ ಎಲೆ. ಎರಡರಲ್ಲಿ ಯಾವುದು ಸರಿಸಮ, ಯಾವುದು ಬೇರೆ? ಬೇವಿನ ಅಂಚು ಗರಗಸದಂತೆ, ತುದಿ ಚೂಪು, ರುಚಿ ಕಹಿ. ಹುಣಸೆಯದು ಸಣ್ಣ ಎಲೆ, ಜೋಡಿಜೋಡಿ, ರುಚಿ ಹುಳಿ. ಸಂಜೆಯಾದ ಮೇಲೆ ಹುಣಸೆಯ ಗಿಡದ ಕೆಳಗೆ ಮಗುವನ್ನು ಕರೆದುಕೊಂಡು ಹೋಗಿರಿ. ಆ ಜೋಡಿ ಎಲೆಗಳು ಮಡಚಿಕೊಂಡಿರುತ್ತವೆ. ಅದನ್ನು ನೀವು ಹೇಳಬೇಡಿರಿ, ಮಗುವೇ ಕಾಣಲಿ. ತಾನೇ ಕಂಡದ್ದನ್ನು ಹೇಳುವ ಮಗುವಿನ ಮುಖವನ್ನು ಆಗ ನೋಡಿರಿ! ಎರೆಮಣ್ಣು, ಮಸಾರಿ ಮಣ್ಣು; ಜೋಳದ ತೆನೆ, ಸಜ್ಜೆಯ ತೆನೆ; ಮೇಕೆಯ ಹೆಜ್ಜೆ, ಎಮ್ಮೆಯ ಹೆಜ್ಜೆ — ಜೋಡಿಗಳಿಗೆ ನಮ್ಮಲ್ಲಿ ಬರವಿಲ್ಲ.

ನಾಲ್ಕನೆಯದು ಕಿವಿಯ ಆಟ. ರಾತ್ರಿ ಊಟವಾದ ಮೇಲೆ ಎಲ್ಲರೂ ಕಣ್ಣು ಮುಚ್ಚಿ ಸುಮ್ಮನೆ ಕೂಡಿರಿ. ಸ್ವಲ್ಪ ಹೊತ್ತಾದ ಮೇಲೆ ಯಾರು ಎಷ್ಟು ಸಪ್ಪಳ ಕೇಳಿದರು ಎಂದು ಹೇಳಬೇಕು. ದೂರದ ಟ್ರ್ಯಾಕ್ಟರ್, ದನದ ಕೊರಳ ಗಂಟೆ, ತಂಬಿಗೆಗೆ ಬೀಳುವ ಹನಿ, ಹಲ್ಲಿ, ಅಜ್ಜನ ಕೆಮ್ಮು. ನಮ್ಮ ಕನ್ನಡದಲ್ಲಿ ಸಪ್ಪಳಕ್ಕೆ ಎಷ್ಟು ಶಬ್ದಗಳಿವೆ! ಗುಡುಗುಡು, ಟಪಟಪ, ಜಿಟಿಜಿಟಿ, ಗಿಣಿಗಿಣಿ. ಒಂದೊಂದನ್ನೂ ಮಗು ಸವಿದು ಹೇಳುತ್ತದೆ. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದ ಮಾರಿಯಾ ಮಾಂಟೆಸ್ಸೊರಿ ಎಂಬ ತಾಯಿ ಮಕ್ಕಳಿಗೆ ಇಂಥದೇ ಮೌನದ ಆಟವನ್ನು ಆಡಿಸುತ್ತಿದ್ದಳು. ಆಕೆ 1939ರಲ್ಲಿ ಭಾರತಕ್ಕೂ ಬಂದು ಕೆಲವು ವರ್ಷ ಇಲ್ಲಿದ್ದು ಶಿಕ್ಷಕರನ್ನು ತಯಾರು ಮಾಡಿದಳು. ಮಗು ಸ್ವಲ್ಪ ಬೆಳೆದ ಮೇಲೆ, “ಮ ಎಂಬ ಸಪ್ಪಳದಿಂದ ಸುರುವಾಗುವ ವಸ್ತು ಈ ಮನೆಯಲ್ಲಿ ಏನೇನು ಇವೆ?” ಎಂದು ಕೇಳಿರಿ. ಮಜ್ಜಿಗೆ, ಮಂಚ, ಮಡಕೆ. ಅಕ್ಷರ ಬಾರದ ತಾಯಿ ಅಕ್ಷರದ ಬಾಗಿಲವರೆಗೆ ಮಗುವನ್ನು ಕರೆದುಕೊಂಡು ಹೋದದ್ದು ಹೀಗೆ. ಬಾಗಿಲನ್ನು ಶಾಲೆ ತೆರೆಯುತ್ತದೆ.

ಐದನೆಯದು ಹೆಸರು ಹೇಳದ ಆಟ. ಕಣ್ಣಿಗೆ ಕಾಣುವ ಒಂದು ವಸ್ತುವನ್ನು ಮಗು ಮನಸ್ಸಿನಲ್ಲಿ ಹಿಡಿಯಲಿ. ಹೆಸರನ್ನು ಹೇಳದೆ ಅದರ ಗುಣವನ್ನು ಹೇಳಲಿ, ಉಳಿದವರು ಗುರುತಿಸಬೇಕು. “ಹೊಟ್ಟಿಯಾಗ ಬೆಂಕಿ, ತಲಿಮ್ಯಾಲ ಹಂಚು, ಮುಂದ ಕುಂತಾಳ ನಮ್ಮವ್ವ” ಎಂದು ಮಗು ಹೇಳಿದರೆ ಅದು ಒಲೆ. ಇದು ನಮ್ಮ ಹಿರಿಯರ ಒಗಟು, ಒಡಪುಗಳ ದಾರಿಯೇ. ನಿಮ್ಮ ಊರಿನ ಅಜ್ಜಿಯರ ಹತ್ತಿರ ಒಗಟಿನ ರಾಶಿಯೇ ಇದೆ. ಕೇಳಿ ತೆಗೆದುಕೊಳ್ಳಿರಿ. ಆದರೆ ಹಳೆಯ ಒಗಟಿಗೆ ಉತ್ತರ ಹೇಳಿಸುವುದಕ್ಕಿಂತ ಹೊಸ ಒಗಟನ್ನು ಕಟ್ಟಿಸುವುದು ಹೆಚ್ಚು ಫಲದ ಕೆಲಸ.

ಆರನೆಯದು ಮೊದಲು ಏನು, ಆಮೇಲೆ ಏನು ಎಂಬ ಆಟ. ತಾಯಿ ರೊಟ್ಟಿ ಮಾಡುವಾಗ ಮಗು ಎದುರಿಗೆ ಕುಳಿತಿರುತ್ತದೆ. ಮರುದಿನ, “ರೊಟ್ಟಿ ಹ್ಯಾಂಗ ಮಾಡೂದು? ನೀ ಹೇಳು, ನಾ ಹಂಗ ಮಾಡತೀನಿ” ಎನ್ನಿರಿ. ಮಗು ಹೇಳಿದಂತೆಯೇ ಮಾಡಿರಿ. ನೀರು ಹಾಕುವುದನ್ನು ಹೇಳಲಿಕ್ಕೆ ಮರೆತರೆ ಒಣ ಹಿಟ್ಟನ್ನೇ ತಟ್ಟಲಿಕ್ಕೆ ಕೂಡಿರಿ! ಮಗು ನಕ್ಕು, “ಅಲ್ಲಬೇ, ಮೊದಲ ಎಸರು ಹಾಕಬೇಕು, ನಾದಬೇಕು, ಉಂಡಿ ಮಾಡಬೇಕು, ಆಮ್ಯಾಲ ಬಡಿಬೇಕು” ಎಂದು ತಾನೇ ತಿದ್ದಿಕೊಳ್ಳುತ್ತದೆ. ಕ್ರಮವಾಗಿ ಹೇಳುವುದನ್ನು ಕಲಿತವನಿಗೆ ಮುಂದೆ ಪತ್ರ ಬರೆಯುವುದು, ಅರ್ಜಿ ಬರೆಯುವುದು ಕಷ್ಟವಾಗುವುದಿಲ್ಲ.

ತಾಯಂದಿರೇ, ಆಟ ಆಡಿಸುವ ಹಿರಿಯರು ಪಾಲಿಸಬೇಕಾದ ನಿಯಮಗಳು ನಾಲ್ಕು. ಒಂದು, ಕೇಳಿದ ಮೇಲೆ ಕಾಯಬೇಕು. ನಾವು ಪ್ರಶ್ನೆ ಕೇಳಿ, ಮಗು ಬಾಯಿ ತೆರೆಯುವುದರೊಳಗೆ ನಾವೇ ಉತ್ತರ ಹೇಳಿಬಿಡುತ್ತೇವೆ. ಬೀಜ ಬಿತ್ತಿದ ದಿನವೇ ಯಾವ ರೈತನೂ ಮಣ್ಣು ಕೆದರಿ ನೋಡುವುದಿಲ್ಲ. ಎರಡು, ನಡುವೆ ತಿದ್ದಬಾರದು. ಮಗು “ನಾಯಿ ಓಡ್ತು” ಎಂದರೆ, “ಹೌದಪ್ಪಾ, ಕರಿ ನಾಯಿ ಬೆಕ್ಕಿನ ಹಿಂದ ಸಂದ್ಯಾಗ ಓಡ್ತು” ಎಂದು ಅದರ ಮಾತನ್ನೇ ಬೆಳೆಸಿ ತಿರುಗಿ ಕೊಡಿರಿ. ತಪ್ಪು ತಾನಾಗಿಯೇ ಹೋಗುತ್ತದೆ. ಮೂರು, ಇದನ್ನು ಪರೀಕ್ಷೆ ಮಾಡಬಾರದು. “ಅವರ ಮಗಳು ಹತ್ತು ಹೇಳಿದಳು, ನೀ ಐದೇ ಹೇಳಿದಿ” ಎಂದಿರೋ, ಆಟ ಅಲ್ಲಿಗೇ ಸತ್ತಿತು. ನಾಲ್ಕು, ಮಗು ಯಾವ ಮಾತಿನಲ್ಲಿ ಹೇಳಿದರೂ ಒಪ್ಪಬೇಕು. ತಾಂಡಾದ ಮಗು ಲಂಬಾಣಿಯಲ್ಲಿ ಹೇಳಲಿ, ಕ್ಯಾಂಪಿನ ಮಗು ತೆಲುಗಿನಲ್ಲೋ ಬಂಗಾಳಿಯಲ್ಲೋ ಹೇಳಲಿ. “ನಿಮ್ಮ ಮನ್ಯಾಗ ಇದಕ್ಕ ಏನಂತಾರ? ನಮ್ಮ ಮನ್ಯಾಗ ಹಿಂಗಂತೀವಿ” ಎಂದು ಒಂದಕ್ಕೊಂದು ಕೂಡಿಸಿರಿ. ಒಂದು ಭಾಷೆಯಲ್ಲಿ ಚೆನ್ನಾಗಿ ಬೇರೂರಿದ ಮಗುವಿಗೆ ಎರಡನೆಯದು ಸುಲಭ. ಮನೆಮಾತನ್ನು ಕಿತ್ತು ಇನ್ನೊಂದನ್ನು ನೆಡಲಿಕ್ಕಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಎರಡು ವರ್ಷ ತುಂಬಿದರೂ ಮಗು ಎರಡು ಶಬ್ದ ಕೂಡಿಸಿ ಮಾತಾಡದಿದ್ದರೆ, ಹಿಂದಿನಿಂದ ಕರೆದರೆ ತಿರುಗಿ ನೋಡದಿದ್ದರೆ, ದೃಷ್ಟಿ ತೆಗೆಯುತ್ತ, ಹರಕೆ ಹೊರುತ್ತ ಕಾಲ ಕಳೆಯಬೇಡಿರಿ. ಕಿವಿ ಸೋರುವ ಮಗುವನ್ನು ಹಾಗೆಯೇ ಬಿಡಬೇಡಿರಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಿವಿಯ ಪರೀಕ್ಷೆ ಮಾಡಿಸಿರಿ. ಬೇಗ ತಿಳಿದಷ್ಟೂ ಉಪಾಯ ಹೆಚ್ಚು.

“ಇದಕ್ಕೆಲ್ಲ ಪುರುಸೊತ್ತು ಎಲ್ಲಿದೆ ಅಜ್ಜಾರ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹತ್ತಿ ಬಿಡಿಸುವ ಕಾಲಕ್ಕೆ, ನಾಟಿಯ ಕಾಲಕ್ಕೆ ನಿಮಗೆ ಉಸಿರಾಡಲಿಕ್ಕೂ ಹೊತ್ತಿಲ್ಲ. ಆದರೆ ಈ ಆಟಗಳು ಬೇರೆ ಹೊತ್ತನ್ನು ಕೇಳುವುದಿಲ್ಲ. ರೊಟ್ಟಿ ಬಡಿಯುವಾಗ, ಕಾಳು ಹಸನು ಮಾಡುವಾಗ, ತಲೆ ಬಾಚುವಾಗ, ಹೊಲಕ್ಕೆ ನಡೆಯುವಾಗ ಕೈಗೆ ಕೆಲಸವಿರುತ್ತದೆ, ಬಾಯಿ ಖಾಲಿ ಇರುತ್ತದೆ. ಆ ಹೊತ್ತನ್ನು ಇಂದು ಮೊಬೈಲ್ ನುಂಗುತ್ತಿದೆ. ಅಳುವ ಮಗುವಿನ ಕೈಗೆ ಮೊಬೈಲ್ ಕೊಟ್ಟರೆ ಮಗು ಸುಮ್ಮನಾಗುತ್ತದೆ, ನಿಜ. ಆದರೆ ಅದು ಸುಮ್ಮನೆ ಇರುವುದನ್ನೇ ಕಲಿಯುತ್ತದೆ. ಮೊಬೈಲ್ ಮಾತಾಡುತ್ತದೆ, ಮಗು ಹೇಳಿದ್ದನ್ನು ಕೇಳಿ, ನಕ್ಕು, ತಿರುಗಿ ಪ್ರಶ್ನೆ ಹಾಕುವ ಅವ್ವನ ಕೆಲಸವನ್ನು ಅದು ಮಾಡಲಾರದು.

ಅದೇ ಮೊಬೈಲನ್ನು ಒಳ್ಳೆಯದಕ್ಕೂ ಬಳಸಬಹುದು. ಮಳೆ ಕೈಕೊಟ್ಟಾಗ ನಮ್ಮ ಭಾಗದ ಎಷ್ಟೋ ಜನ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ರಾತ್ರಿ ತಾಯಿ ಅಲ್ಲಿಂದ ಮಾತಾಡುತ್ತಾಳೆ. “ಉಂಡಿಯಾ? ಸಾಲಿಗಿ ಹೋಗಿದ್ದಿಯಾ?” ಮಗು “ಹ್ಞೂಂ” ಎನ್ನುತ್ತದೆ, ಮಾತು ಮುಗಿಯಿತು. ಅದರ ಬದಲು, “ಇವತ್ತು ಏನು ನೋಡಿದಿ, ನನಗ ಕಾಣೂವಂಗ ಹೇಳು” ಎಂದು ಕೇಳಿರಿ. ಆಕಳು ಕರು ಹಾಕಿದ್ದನ್ನು ಮಗು ಅಲ್ಲಿಯ ತಾಯಿಗೆ ಕಾಣುವಂತೆ ಹೇಳಬೇಕು: ಕರುವಿನ ಬಣ್ಣ, ಹಣೆಯ ಮೇಲಿನ ಬೊಟ್ಟು, ಅದು ಎದ್ದು ನಿಂತ ರೀತಿ. ದೂರ ಇರುವವರಿಗೆ ಕಾಣುವಂತೆ ಹೇಳುವುದೇ ಭಾಷೆಯ ನಿಜವಾದ ಕೆಲಸ. ಗುಳೆ ಹೋದ ತಾಯಿಗೆ ಅದರಿಂದ ಎಷ್ಟು ಸಮಾಧಾನವಾಗುತ್ತದೆ ಎಂಬುದನ್ನು ನಾವು ಹೇಳಬೇಕಾಗಿಲ್ಲ.

ಗುರುಗಳಿಗೂ, ಅಂಗನವಾಡಿಯ ತಾಯಂದಿರಿಗೂ ಒಂದು ಮಾತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ “ನಲಿ-ಕಲಿ” ಎಂಬ ಪದ್ಧತಿ ಸುರುವಾಯಿತು. 2009-10ರ ಹೊತ್ತಿಗೆ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂದಿತು. ನಲಿಯುತ್ತ ಕಲಿಯಬೇಕು ಎಂಬುದು ಅದರ ಹೆಸರಿನಲ್ಲಿಯೇ ಇದೆ. ಅದರ ಕಾರ್ಡುಗಳ ಸಂಗಡ ದಿನಕ್ಕೊಮ್ಮೆ ಇದನ್ನೂ ಮಾಡಿರಿ: ಮಗು ದಾರಿಯಲ್ಲಿ ಕಂಡದ್ದನ್ನು ಅದರ ಬಾಯಿಂದಲೇ ಹೇಳಿಸಿ, ಅದು ಹೇಳಿದಂತೆಯೇ ಹಲಗೆಯ ಮೇಲೆ ಬರೆಯಿರಿ. “ಉಸುಕಿನ ಮ್ಯಾಲ ನಾಯಿ ಮರಿ ಹಾಕೇತಿ” ಎಂದರೆ ಹಾಗೆಯೇ ಬರೆಯಿರಿ. ಪುಸ್ತಕದ ಮಾತನ್ನು ನಾಳೆ ಅದರ ಕೆಳಗೆ ಬರೆಯಬಹುದು. ತನ್ನ ಮಾತು ಅಕ್ಷರವಾಗಿ ನಿಂತದ್ದನ್ನು ಕಂಡ ಮಗು ಅದನ್ನು ಹತ್ತು ಸಲ ಓದುತ್ತದೆ. ಯಾರೂ ಹೊಡೆಯಬೇಕಾಗಿಲ್ಲ, ಬಯ್ಯಬೇಕಾಗಿಲ್ಲ.

ಕಡೆಯದಾಗಿ, ಈ ಮಾತನ್ನು ಇಷ್ಟು ಒತ್ತಿ ಯಾಕೆ ಹೇಳುತ್ತೇವೆ ಎಂಬುದನ್ನು ತಿಳಿಯಿರಿ. ಬರೀ ಪರೀಕ್ಷೆಯ ಅಂಕಗಳಿಗಾಗಿ ಅಲ್ಲ. ಡಾಕ್ಟರರ ಮುಂದೆ ನಿಂತು ನೋವು ಎಲ್ಲಿದೆ, ಎಂದಿನಿಂದ ಇದೆ, ಹೇಗಿದೆ ಎಂದು ಹೇಳಲಿಕ್ಕೆ ಬಾರದೆ ತಿರುಗಿ ಬರುವವರು ಎಷ್ಟು ಜನ? ಕಚೇರಿಯ ಕಿಟಕಿಯ ಮುಂದೆ ತಮ್ಮ ಕೂಲಿಯ ಲೆಕ್ಕವನ್ನು ಕ್ರಮವಾಗಿ ಹೇಳಲಾರದೆ ಕೈ ಮುಗಿದು ನಿಲ್ಲುವವರು ಎಷ್ಟು ಜನ? ಯಾರಾದರೂ ಕೆಟ್ಟ ಮನುಷ್ಯ ತನ್ನನ್ನು ಮುಟ್ಟಿದಾಗ, ಹೆದರಿಸಿದಾಗ, ಮನೆಗೆ ಬಂದು ಹೇಳಲಾರದೆ ಒಳಗೊಳಗೇ ಬೇಯುವ ಮಗುವನ್ನು ನೆನೆಯಿರಿ. ಎಲ್ಲಿ, ಯಾರು, ಯಾವಾಗ, ಏನು ಮಾಡಿದರು ಎಂದು ಹೇಳಬಲ್ಲ ಮಗುವಿಗೆ ಅದೇ ರಕ್ಷೆ. ದಿನವೂ “ಏನು ಕಂಡಿ?” ಎಂದು ಕೇಳುವ ತಾಯಿಗೆ ಅಂಥ ದಿನವೂ ಮಗು ಹೇಳುತ್ತದೆ. “ಬಾಯಿ ಮುಚ್ಚು” ಎಂದೇ ಬೆಳೆಸಿದರೆ, ಬಾಯಿ ತೆರೆಯಬೇಕಾದ ದಿನವೂ ಅದು ಮುಚ್ಚಿಕೊಂಡೇ ಇರುತ್ತದೆ. ಹೆಣ್ಣುಮಗುವಿನ ವಿಷಯದಲ್ಲಿ ಇದನ್ನು ಎರಡು ಸಲ ನೆನಪಿಡಿರಿ.

ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಒಂದು ಟನ್ ಕಲ್ಲನ್ನು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಆದರೂ ಆ ಕಲ್ಲನ್ನು ಯಾರೂ ಬೇಸರಪಟ್ಟು ಎಸೆಯುವುದಿಲ್ಲ. ಮಗುವಿನ ಮಾತೂ ಹಾಗೆಯೇ. ದಿನವೆಲ್ಲ ಹಾಳುಹರಟೆ ಎನಿಸುತ್ತದೆ. ಅದರಲ್ಲಿಯೇ ಒಂದು ಹೊಳೆಯುವ ಮಾತು ಬರುತ್ತದೆ. ಕೇಳುವ ತಾಳ್ಮೆ ಇದ್ದವರಿಗೆ ಮಾತ್ರ ಅದು ದಕ್ಕುತ್ತದೆ.

ಸ್ವಾಮಿಗಳಾದವರು ಜೋಳಿಗೆ ಹಿಡಿದು ಬೇಡುವುದು ವಾಡಿಕೆ. ಇಂದು ನಾವೂ ಬೇಡುತ್ತೇವೆ. ಜೋಳ ಬೇಡ, ರೊಕ್ಕ ಬೇಡ. ದಿನಕ್ಕೆ ಕಾಲು ತಾಸು ಬೇಡುತ್ತೇವೆ. ತಂದೆಯರೂ ಕೇಳಿಸಿಕೊಳ್ಳಿರಿ, ಇದು ಹೆಣ್ಣುಮಕ್ಕಳ ಪಾಲಿನ ಕೆಲಸ ಮಾತ್ರವಲ್ಲ. ಆ ಕಾಲು ತಾಸು ನಿಮ್ಮ ಮಗುವಿನ ಎದುರಿಗೆ ಕುಳಿತು, ಅದು ಕಂಡದ್ದನ್ನು ಹೇಳಿಸಿ ಕೇಳಿರಿ. ಇಂದು ರಾತ್ರಿಯೇ ಸುರು ಮಾಡಿರಿ. ಗಂಗಾಳ ನಿಮ್ಮ ಮನೆಯಲ್ಲಿದೆ, ಶೇಂಗಾ ನಿಮ್ಮ ಹೊಲದ್ದಿದೆ. ನಿಮ್ಮ ಮಕ್ಕಳ ಕಣ್ಣು ತೆರೆಯಲ��, ಬಾಯಿ ಅರಳಲಿ, ಬಾಳು ಬೆಳಗಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.